ದೊರೆಯ ಹನ್ನೊಂದು ಸಾಲು

ಜೂನ್ ೧೮
ಹಾಸ್ಟೆಲು, ಮೂರನೇ ಮಹಡಿ

ಅಪ್ಪಾ,

ನಾನು ಚೆನ್ನಾಗಿದ್ದೇನೆ, ಹಾಸಿಗೆ ಚೆನ್ನಾಗಿಲ್ಲ. ಎರಡನೇ ವರ್ಷದವರನ್ನು ಮೂರನೇ ಮಹಡಿಗೆ ಹತ್ತಿಸಿದ್ದಾರೆ. ಕಿಟಕಿ ತೆಗೆದರೆ ಅಡುಗೆಮನೆಯ ಹೊಗೆ, ಮುಚ್ಚಿದರೆ ಸೆಕೆ. ಇಡೀ ಹಾಸ್ಟೆಲಿಗೆ ವಾರ್ಡನ್ ಕೋಣೆಯಲ್ಲಿ ಒಂದೇ ಫೋನು. ನಾನು ಹಲೋ ಅನ್ನುವಷ್ಟರಲ್ಲಿ ಹಿಂದೆ ನಿಂತವಳು ಕೆಮ್ಮುತ್ತಾಳೆ. ಅದಕ್ಕೇ ಈ ವರ್ಷವೂ ಕಾಗದವೇ ಗತಿ.

ಈ ಸಲ ನಮ್ಮ ನಾಟಕ ವಿಭಾಗದಲ್ಲಿ ಹಳೆಯ ಪದ್ಯನಾಟಕ. ಕಲಿಸುವವರಿಗೆ ಹುಡುಗರು ಕೋಲು ಮೇಡಂ ಅಂತ ಹೆಸರಿಟ್ಟಿದ್ದಾರೆ. ಕೋಲಿನಿಂದ ಯಾರನ್ನೂ ಹೊಡೆಯುವುದಿಲ್ಲ, ನೆಲಕ್ಕೆ ಕುಟ್ಟುತ್ತಾರೆ. ಒಂದು ಸಾಲಿಗೆ ಇಪ್ಪತ್ತು ಮಾತ್ರೆ, ಐದೈದಕ್ಕೆ ಒಂದು ಕುಟ್ಟು. ಆ ನಾಲ್ಕು ಕುಟ್ಟಿನೊಳಗೆ ನಾವು ಉಸಿರೆಳೆದುಕೊಂಡು, ಸಿಟ್ಟಾಗಿ, ಅತ್ತು, ಬೇಕಾದರೆ ಸತ್ತೂ ಹೋಗಬೇಕು. ಅವರದು ಎರಡು ಕಟ್ಟಳೆ. ಎದುರಿನ ಪಾತ್ರದ ಮಾತು ಬಾಯಿಪಾಠವಾಗದೆ ನಮ್ಮ ಮಾತನ್ನು ಮುಟ್ಟುವಂತಿಲ್ಲ. ಎರಡನೆಯದು ನಲವತ್ತರ ಕಟ್ಟಳೆ: ಯಾವ ಸಾಲೇ ಆಗಲಿ ತಪ್ಪಿಲ್ಲದೆ ನಲವತ್ತು ಸಲ ಹೇಳಬೇಕು. ಮೂವತ್ತೊಂಬತ್ತನೆಯದರಲ್ಲಿ ತಪ್ಪಿದರೂ ಮತ್ತೆ ಒಂದರಿಂದ ಶುರು. "ಸಾಲು ತಲೇಲಿ ಇದ್ರೆ ಸಾಲದು, ಮೂಳೇಲಿ ಇರ್ಬೇಕು" ಅನ್ನುತ್ತಾರೆ.

ನನ್ನದು ಅಂಬಿಗಿತ್ತಿಯ ಪಾತ್ರ. ಅವಳ ಮಗ, ಯಾರು ಏನು ಅಂತ ತಿಳಿಯದೆ, ದೊರೆಯ ಶತ್ರುವನ್ನು ದೋಣಿಯಲ್ಲಿ ಹೊಳೆ ದಾಟಿಸಿದ್ದಾನೆ. ಅದಕ್ಕೆ ಮರಣದಂಡನೆ. ಇವಳು ಮಂಡಿಯೂರಿ ಮಗನ ಪ್ರಾಣ ಬೇಡುತ್ತಾಳೆ, ದೊರೆ ಕೊಡುವುದಿಲ್ಲ. ದೃಶ್ಯ ಇಷ್ಟೇ. ಮಾರ್ಚ್ ಪರೀಕ್ಷೆಯಲ್ಲಿ ಇದನ್ನು ಆಡಬೇಕು; ಇದರಲ್ಲಿ ಬಿದ್ದರೆ ವರ್ಷ ಹೋಯಿತು.

ಮೊದಲ ದಿನವೇ ಮೇಡಂ ನಿಲ್ಲಿಸಿದರು. "ನೀನು ಬೇಡ್ತಿಲ್ಲ ಕಣೇ, ಕೇಳ್ತಿದ್ದೀಯ. ಕೊಟ್ಟೇ ಕೊಡ್ತಾರೆ ಅಂತ ಗೊತ್ತಿರೋರು ಕೇಳೋ ಹಾಗೆ" ಅಂದರು. ಇದು ನಿನ್ನ ತಪ್ಪು ಅಪ್ಪ. ಇಪ್ಪತ್ತು ವರ್ಷದಲ್ಲಿ ಒಂದು ಸಲವಾದರೂ ನನಗೆ ಇಲ್ಲ ಅಂದಿದ್ದೀಯಾ? ಈಗ ತಿದ್ದಿಕೊ. ದೊರೆಯ ಪಾಲಿಗೆ ಹನ್ನೊಂದೇ ಸಾಲು, ನನ್ನ ಮಾತಿನ ಜೊತೆ ಒಂದು ಹಾಳೆಯಲ್ಲಿ ಬರೆದು ಇದರೊಂದಿಗೆ ಕಳಿಸಿದ್ದೇನೆ. ರಜೆಗೆ ಬರುವಷ್ಟರಲ್ಲಿ ಬಾಯಿಪಾಠ ಮಾಡಿಟ್ಟುಕೊ. ನೀನು ದೊರೆ, ನಾನು ಅಂಬಿಗಿತ್ತಿ. ಅಮ್ಮನಿಗೆ ಹೇಳು, ಅವಳು ಹೊಲಿದುಕೊಟ್ಟ ಚೀಲದ ಮೇಲೆ ಹಾಸ್ಟೆಲಿನ ಅರ್ಧ ಹುಡುಗಿಯರ ಕಣ್ಣು ಬಿದ್ದಿದೆ.

ನಿನ್ನ ಹಾರನ್ನು

———

ಜುಲೈ ೨
ಮನೆ

ನನ್ನ ಹಾರನ್ನಿಗೆ,

ಹುಟ್ಟಿದ ದಿನವೇ ಆಸ್ಪತ್ರೆಯ ಗೋಡೆ ಅದುರಿಸಿದವಳಿಗೆ ನಾನಿಟ್ಟ ಹೆಸರು ಸುಳ್ಳಾಗಲಿಲ್ಲ. ಈಗ ಅದಕ್ಕೊಂದು ವಿಶ್ವವಿದ್ಯಾಲಯವೂ ಸಿಕ್ಕಿತು.

ಡ್ರೈವಿಂಗ್ ಕಲಿಸುವವನ ಕೆಲಸ ನಿನಗೆ ಗೊತ್ತೇ ಇದೆ. ಪಕ್ಕದ ಸೀಟು, ಕಾಲು ನನ್ನ ಕಡೆಯ ಬ್ರೇಕಿನ ಮೇಲೆ, ಕಣ್ಣು ರಸ್ತೆಯ ಮೇಲೆ, ಬಾಯಿ ಮಾತ್ರ ಖಾಲಿ. ಆ ಖಾಲಿ ಬಾಯಿಗೆ ನಿನ್ನ ದೊರೆಯನ್ನು ಹಾಕಿಕೊಂಡಿದ್ದೇನೆ. ಮೊನ್ನೆ ಬ್ಯಾಂಕಿನ ಹೆಂಗಸೊಬ್ಬರು ರಿವರ್ಸ್ ತೆಗೆಯುತ್ತಿದ್ದರು. ನಾನು ಮೈಮರೆತು, "ಹೊರಡಿಲ್ಲಿಯಿಂದ, ನಿನ್ನಳಲು ಕೇಳಿಸದೆನಗೆ" ಅಂದುಬಿಟ್ಟೆ. ಪಾಪ, ಗಾಡಿಯನ್ನು ಫುಟ್‌ಪಾತಿಗೆ ಹತ್ತಿಸಿ, ಕೈಚೀಲ ತೆಗೆದುಕೊಂಡು ನಿಜವಾಗಿ ಹೊರಟೇಹೋದರು. ಮಾರನೆಯ ದಿನ ಮನೆಗೆ ಹೋಗಿ ತಪ್ಪಾಯಿತು ಅಂತ ಹೇಳಿ ಕರೆದುಕೊಂಡು ಬಂದೆ.

ಹತ್ತು ಸಾಲು ಬಂದಿವೆ. ಹನ್ನೊಂದನೆಯದರ ಬಗ್ಗೆ ನನ್ನ ತಕರಾರಿದೆ. ಆ ಹೆಂಗಸು ನೆಲಕ್ಕೆ ಬಿದ್ದು, "ಕೊಡು ನನ್ನ ಮಗನ ಜೀವವ, ಬೇಡುತಿರುವೆ ನಾ" ಅಂದಾಗ ಇವನು,

ಎಳೆದೊಯ್ಯಿರಿವಳನ್ನು. ಮಗನಿಲ್ಲ ನಿನಗಿನ್ನು.

ಅನ್ನುತ್ತಾನಲ್ಲ, ಇವನು ಮನುಷ್ಯನೇ? ನನಗೆ ನಾಲಿಗೆ ತಿರುಗುವುದಿಲ್ಲ. ಅದಕ್ಕೆ ನಾನೇ ಒಂದು ಸಾಲು ಕಟ್ಟಿದ್ದೇನೆ:

ಏಳಮ್ಮ, ಅಳಬೇಡ. ಮಗನ ಕರೆತರುತೀನಿ.

ಎಣಿಸಿ ನೋಡು, ಇಪ್ಪತ್ತಕ್ಕೆ ಇಪ್ಪತ್ತು ಮಾತ್ರೆ ಇದೆ. ನಿಮ್ಮ ಕೋಲು ಮೇಡಂಗೆ ತೋರಿಸು. ಆ ಕವಿ ಬದುಕಿದ್ದರೆ ಅವನಿಗೂ ಒಂದು ಕಾರ್ಡು ಹಾಕುತ್ತಿದ್ದೆ.

ನಿಮ್ಮಮ್ಮ ಹೊಲಿಗೆ ಮಿಷನ್ನಿನಿಂದ ತಲೆ ಎತ್ತದೆ, "ಅಪ್ಪ ಮಗಳಿಬ್ಬರಿಗೂ ಒಟ್ಟಿಗೇ ತಲೆ ಕೆಟ್ಟಿದೆ" ಅಂತ ಹೇಳುತ್ತಿದ್ದಾಳೆ. ಶಾಲೆ ಸಮವಸ್ತ್ರದ ಕಾಲ, ಮನೆ ತುಂಬ ನೀಲಿ ಬಟ್ಟೆ.

ಅಪ್ಪ

———

ಜುಲೈ ೧೪

ಅಪ್ಪಾ,

ಎಣಿಸಿದೆ. ಇಪ್ಪತ್ತೇ ಇದೆ. ನನಗೆ ಸಿಟ್ಟು ಬಂದಿರುವುದೂ ಅದಕ್ಕೇ.

ದೊರೆ ಬಸ್ ಸ್ಟ್ಯಾಂಡಿನಲ್ಲಿ ನಿಂತವನ ಹಾಗೆ "ತರುತೀನಿ" ಅನ್ನುವುದಿಲ್ಲ. ಅವನು ಮಗನನ್ನು ಕರೆತಂದರೆ ನಾಟಕ ಅಲ್ಲಿಗೇ ಮುಗಿಯಿತು, ಮುಂದೆ ಇನ್ನೂ ಎರಡು ಅಂಕ ಇದೆ. ನನ್ನ ಎದುರು ಕಲ್ಲಿನಂಥ ದೊರೆ ಇಲ್ಲದಿದ್ದರೆ ನನಗೆ ಬೇಡುವುದು ಎಲ್ಲಿಂದ ಬರಬೇಕು? ದಯವಿಟ್ಟು ಆಟ ಮಾಡಬೇಡ. ನಲವತ್ತು ಸಲ, ಬರೆದಿರುವ ಹಾಗೇ. ಅಕ್ಟೋಬರಿನಲ್ಲಿ ಬಂದು ಪರೀಕ್ಷೆ ಮಾಡುತ್ತೇನೆ.

ಹಾರನ್ನು

———

ನವೆಂಬರ್ ೫
ಮನೆ

ಮಗಳೇ,

ನೀನು ಹೋಗಿ ಮೂರು ದಿನವಾಯಿತು. ಅಡುಗೆಮನೆಯ ನೆಲದಲ್ಲಿ ನೀನು ಮಂಡಿಯೂರುತ್ತಿದ್ದ ಜಾಗವನ್ನು ನಿಮ್ಮಮ್ಮ ಈಗಲೂ ಸುತ್ತಿ ಬಳಸಿ ಹೋಗುತ್ತಾಳೆ. ಕೇಳಿದರೆ, "ಅಭ್ಯಾಸ ಆಗಿದೆ" ಅನ್ನುತ್ತಾಳೆ.

ಹದಿನೈದು ದಿನ ನೀನು ನನಗೆ ಕಲಿಸಿದ ಹಾಗೆ ನಾನು ನನ್ನ ವಿದ್ಯಾರ್ಥಿಗಳಿಗೆ ಕಲಿಸಿದ್ದರೆ ಒಬ್ಬರೂ ಎರಡನೇ ದಿನ ಬರುತ್ತಿರಲಿಲ್ಲ. ಹೋಗಲಿ ಬಿಡು. ನಿನಗೆ ಮಾತು ಕೊಟ್ಟಿದ್ದೇನೆ, ದಿನಾ ಬೆಳಿಗ್ಗೆ ಮುಖ ಕ್ಷೌರ ಮಾಡಿಕೊಳ್ಳುವಾಗ ಹನ್ನೊಂದೂ ಸಾಲು ಹೇಳುತ್ತೇನೆ. ಕೊನೆಯದು ನಲವತ್ತಕ್ಕೆ ನಲವತ್ತು ಸರಿ ಬರುತ್ತಿದೆ. ನಿಮ್ಮಮ್ಮ ಅಂಗಿಯ ಗುಂಡಿಗಳನ್ನು ಬಟ್ಟಲಿಂದ ಬಟ್ಟಲಿಗೆ ಹಾಕುತ್ತಾ ಎಣಿಸಿದಳು, ಸಾಕ್ಷಿ ಬೇಕಾದರೆ ಅವಳನ್ನು ಕೇಳು. ಈಗ ನನ್ನ ಸಾಲು ನೆನಪಿಗೂ ಬರುವುದಿಲ್ಲ, ಬಾಯಿ ತೆರೆದರೆ ಅವನದೇ ಬರುತ್ತದೆ. ಹೇಳಿ ಮುಗಿಸಿದ ಮೇಲೆ ಸ್ವಲ್ಪ ಹೊತ್ತು ಬಾಯೆಲ್ಲ ಕಹಿ. ಚಹಾ ಕುಡಿದರೆ ಹೋಗುತ್ತದೆ.

ಮಾರ್ಚಿನಲ್ಲಿ ನೋಡಲು ಬರುತ್ತೇವೆ. ಮುಂದಿನ ಸಾಲಿನಲ್ಲಿ ಕೂರಿಸು, ನಿಮ್ಮ ದೊರೆ ತಪ್ಪಿದರೆ ನಾನು ಎದ್ದು ಹೇಳಿಕೊಡುತ್ತೇನೆ.

ಅಪ್ಪ

———

ಡಿಸೆಂಬರ್ ೮
ಹಾಸ್ಟೆಲು

ಅಮ್ಮಾ,

ನೀನು ನನ್ನನ್ನು ಬಸ್ಸಿಗೆ ಹತ್ತಿಸಿದ್ದಲ್ಲ, ದಬ್ಬಿದ್ದು. ಹನ್ನೆರಡು ದಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದೆ, ಅಪ್ಪ ಒಂದು ಸಲವೂ ನನ್ನನ್ನು ಕರೆಯಲಿಲ್ಲ. ಬಲಗೈ ಬಲಗಾಲು ಬಿದ್ದುಹೋದದ್ದಕ್ಕಿಂತ ನನಗೆ ಅದೇ ತಡೆಯಲಾಗುತ್ತಿಲ್ಲ. ಕಣ್ಣು ನನ್ನನ್ನು ಗುರುತಿಸಿತು, ತುಟಿ ಅಲ್ಲಾಡಿತು, ಮಾತು ಬರಲಿಲ್ಲ. ಡಾಕ್ಟರು, "ಮೆದುಳಿಗೆ ರಕ್ತ ಹರಿಯುವುದು ನಿಂತಿತ್ತು, ಮಾತು ಬಂದರೂ ಬರಬಹುದು, ಬರದೆಯೂ ಇರಬಹುದು" ಅಂದರು. ಇದನ್ನು ಹೇಳಲು ಡಾಕ್ಟರೇ ಬೇಕಿತ್ತೇ?

ಇಲ್ಲಿ ಎಲ್ಲ ಹಾಗೇ ಇದೆ. ಕೋಲು ಕುಟ್ಟುತ್ತಾರೆ, ನಾನು ಎದ್ದು ನಿಲ್ಲುತ್ತೇನೆ. ಅಪ್ಪ ಮನೆಗೆ ಬಂದರೇ? ಊಟ ಯಾರು ಮಾಡಿಸುತ್ತಾರೆ? ಹೊಲಿಗೆ ನಿಲ್ಲಿಸಿದ್ದೀಯಾ? ಒಂದು ಸಾಲಾದರೂ ಬರಿ. ಬಾ ಅಂದರೆ ನಾಳೆಯೇ ಬರುತ್ತೇನೆ.

ನಿನ್ನ ಮಗಳು

———

ಡಿಸೆಂಬರ್ ೨೨
ಮನೆ

ಪ್ರೀತಿಯ ಮಗಳಿಗೆ,

ನನಗೆ ನಿಮ್ಮಪ್ಪನ ಹಾಗೆ ಬರೆಯಲು ಬರುವುದಿಲ್ಲ, ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ಮನೆಗೆ ಕರೆತಂದು ಹನ್ನೊಂದು ದಿನವಾಯಿತು. ಹಿಡಿದುಕೊಂಡರೆ ಕುರ್ಚಿಯವರೆಗೆ ನಡೆಯುತ್ತಾರೆ. ಎಡಗೈಯಲ್ಲಿ ಊಟ ಮಾಡುತ್ತಾರೆ, ಅರ್ಧ ಬಾಯಿಗೆ, ಅರ್ಧ ಅಂಗಿಗೆ. ನಾನು ಬೈದರೆ ನಗುತ್ತಾರೆ, ನಗು ಒಂದೇ ಕಡೆ ಬರುತ್ತದೆ.

ನಿನ್ನೆ ಬೆಳಿಗ್ಗೆ ಆದದ್ದನ್ನು ಹೇಳಬೇಕು ಅಂತ ಕೂತೆ. ಕಪಾಟು ಒರೆಸುವಾಗ ನಿನ್ನ ನಾಟಕದ ಹಾಳೆ ಸಿಕ್ಕಿತು. ಕನ್ನಡಕ ಹಾಕಿಕೊಂಡು, ತರಕಾರಿ ಚೀಟಿ ಓದುವ ಹಾಗೆ ಗಟ್ಟಿಯಾಗಿ ಓದಿದೆ: "ದೊರೆಯೆ, ನಾ ತೊರೆಯವಳು, ಬೇರೇನನೂ ಅರಿಯೆ. ಕರೆದವರ ದಡ ಸೇರಿಸುವುದೊಂದೆ ಕಸುಬೆನಗೆ."

ಹಿಂದಿನಿಂದ, "ಇಲ್ಲ. ನದಿಯೂ ನನ್ನ ಆಣೆಯನು ಮೀರದು" ಅಂತ ಕೇಳಿಸಿತು.

ರೇಡಿಯೋ ಅಂದುಕೊಂಡೆ. ತಿರುಗಿ ನೋಡಿದರೆ ನಿಮ್ಮಪ್ಪ. ಅವರಿಗೇ ಬೆರಗಾಗಿ ಬಾಯಿ ತೆರೆದುಕೊಂಡೇ ಇದ್ದರು. ಅದೇ ದನಿ ಮಗಳೇ, ಒಂದು ಚೂರೂ ಬದಲಾಗಿಲ್ಲ. ಮುಂದಿನದು ಓದಿದೆ, ಮುಂದಿನದನ್ನು ಹೇಳಿದರು. ಹನ್ನೊಂದೂ ಸಾಲು ತಪ್ಪಿಲ್ಲದೆ ಹೇಳಿದರು. ಇಬ್ಬರೂ ಅತ್ತೆವು. ಮಾತು ಬಂತು, ಮಾತು ಬಂತು ಅಂತ ನಾನು ಪಕ್ಕದ ಮನೆಗೆ ಕೇಳಿಸುವ ಹಾಗೆ ಕೂಗಿಕೊಂಡೆ.

ಆಮೇಲೆ, "ಈಗ ನನ್ನ ಹೆಸರು ಹೇಳಿ ನೋಡೋಣ" ಅಂದೆ. ಬಾಯಿ ತೆರೆದರು. ಕತ್ತಿನ ನರ ಉಬ್ಬಿತು. ಏನೂ ಬರಲಿಲ್ಲ. "ನೀರು ಅನ್ನಿ" ಅಂದೆ, ಬರಲಿಲ್ಲ. ಮತ್ತೆ ಹಾಳೆ ಹಿಡಿದು ಅಂಬಿಗಿತ್ತಿಯ ಮಾತು ಓದಿದೆ, ಥಟ್ಟನೆ ದೊರೆಯ ಮಾತು ಬಂತು. ಸೋಮವಾರ ಅಂದರೆ ಭಾನುವಾರದವರೆಗೆ ಹೇಳುತ್ತಾರೆ, ಒಂದು ಅಂದರೆ ಹತ್ತರವರೆಗೆ. ಆದರೆ ನನ್ನ ಮುಖ ನೋಡಿಕೊಂಡು, ನನಗೆ ಅಂತ ಹೇಳುವುದು ಈ ಹನ್ನೊಂದು ಮಾತ್ರ. ಇದಕ್ಕೆ ನಗಬೇಕೋ ಅಳಬೇಕೋ ಗೊತ್ತಾಗುತ್ತಿಲ್ಲ. ನಿನಗೆ ಓದಿ ಗೊತ್ತಿದೆ, ಯಾರನ್ನಾದರೂ ಕೇಳು.

ಅಮ್ಮ

———

ಡಿಸೆಂಬರ್ ೩೦

ಅಮ್ಮಾ,

ನಿನ್ನ ಕಾಗದ ಓದಿ ವೈದ್ಯಕೀಯ ಕಾಲೇಜಿಗೆ ಓಡಿದೆ. ಅಲ್ಲಿ ಮಾತಿನ ತೊಂದರೆ ನೋಡುವ ಡಾಕ್ಟರೊಬ್ಬರು ಸಿಕ್ಕರು. ಮಾತನ್ನು ಹೊಸದಾಗಿ ಕಟ್ಟುವ ಜಾಗ ಬೇರೆಯಂತೆ, ಬಾಯಿಪಾಠ ಕೂತಿರುವ ಜಾಗ ಬೇರೆಯಂತೆ. ಅಪ್ಪನಿಗೆ ಮೊದಲನೆಯದು ಕೆಟ್ಟಿದೆ, ಎರಡನೆಯದು ಉಳಿದಿದೆ. ಕೆಲವರಿಗೆ ಹಾಡು ಉಳಿಯುತ್ತದೆ, ಕೆಲವರಿಗೆ ಬೈಗುಳ. ಅಪ್ಪ ಹಾಡಿದವರಲ್ಲ, ಬೈದವರೂ ಅಲ್ಲ. ನಾನು ಕಲಿಸಿದ್ದು ಉಳಿದಿದೆ.

ನನಗೊಂದು ದಾರಿ ಹೊಳೆದಿದೆ. ಪದ್ಯ ಒಳಗೆ ಹೋಗುತ್ತದೆ ಅಂದರೆ ಪದ್ಯದಲ್ಲೇ ಕಳಿಸೋಣ. ನಾಲ್ಕು ಸಾಲು ಕಟ್ಟಿದ್ದೇನೆ, ಅದೇ ಲಯದಲ್ಲಿ. ನೀನು "ದೊರೆಯೆ, ಏನನು ತರಲಿ?" ಅಂತ ಕೇಳಬೇಕು, ಅಪ್ಪ "ಬಾಯಾರಿದೆನಗೆ, ನೀರನು ತಾರೆ ಬೇಗದಲಿ" ಅನ್ನಬೇಕು. ಇನ್ನೊಂದು, "ಬೆನ್ನು ನೋಯುತಿದೆ, ಮಗ್ಗುಲ ತಿರುಗಿಸೆನ್ನನ್ನು." ಉಳಿದೆರಡು ಹಿಂದಿನ ಪುಟದಲ್ಲಿವೆ. ನಲವತ್ತರ ಕಟ್ಟಳೆ ಮರೆಯಬೇಡ. ಗುಂಡಿ ಇಟ್ಟುಕೊಂಡು ಎಣಿಸು. ನಡುವೆ ತಪ್ಪಿದರೆ ಮತ್ತೆ ಒಂದರಿಂದ.

ಏನಾಯಿತು ಅಂತ ಬೇಗ ಬರಿ.

ನಿನ್ನ ಮಗಳು

———

ಜನವರಿ ೧೮
ಮನೆ

ಮಗಳೇ,

ನೀನು ಹೇಳಿದ ಹಾಗೇ ಮಾಡಿದೆ. ಹದಿಮೂರು ದಿನ, ಬೆಳಿಗ್ಗೆ ಸಂಜೆ. ಒಂದು ಬಟ್ಟಲಿಂದ ಇನ್ನೊಂದು ಬಟ್ಟಲಿಗೆ ಒಂದು ಗುಂಡಿಯೂ ಹೋಗಲಿಲ್ಲ. ಕೇಳುತ್ತಾರೆ, ತಲೆ ಆಡಿಸುತ್ತಾರೆ, ಹೇಳಿ ಅಂದರೆ ಬರುವುದಿಲ್ಲ. ವಾರಕ್ಕೊಮ್ಮೆ ಮಾತು ಕಲಿಸಲು ಬರುವಾಕೆ ನಿನ್ನ ಸಾಲು ನೋಡಿ, "ಚೆನ್ನಾಗಿದೆ, ಆದ್ರೆ ಹೊಸದು ಇನ್ನು ಒಳಗೆ ಹೋಗೋದು ಕಷ್ಟ ಕಣಮ್ಮ" ಅಂದಳು. ಒಳ್ಳೆಯ ಹುಡುಗಿ. ಅವಳೂ ಏನು ಮಾಡಿಯಾಳು?

ಇನ್ನೊಂದು ವಿಷಯ. ಅವರಿಗೆ ತಾನು ಏನು ಹೇಳುತ್ತಿದ್ದೇನೆ ಅಂತ ತಿಳಿಯುತ್ತದೆ. ಮೊದಲು ಖುಷಿಯಲ್ಲಿ ನಾನು ಗಮನಿಸಿರಲಿಲ್ಲ. ಕೊನೆಯ ಸಾಲು ಬಾಯಿಂದ ಬಿದ್ದ ಕೂಡಲೇ ಎಡಗೈಯಿಂದ ತಮ್ಮ ಬಾಯಿಗೆ ತಾವೇ ಹೊಡೆದುಕೊಳ್ಳುತ್ತಾರೆ. ಮೊನ್ನೆ ತುಟಿ ಒಡೆದು ರಕ್ತ ಬಂತು. ಪಕ್ಕದ ಮನೆಯಾಕೆ ಒಂದು ದಿನ ಬಾಗಿಲಲ್ಲಿ ನಿಂತು, "ಕಾಯಿಲೆ ಬಿದ್ದ ಮೇಲೂ ಇಷ್ಟೊಂದು ಜೋರಾ ನಿಮ್ಮೋರು? ಎಳೆದೊಯ್ಯಿರಿ ಅಂತಿದ್ರು" ಅಂತ ಕೇಳಿದಳು. ನಾಟಕ ಅಂದೆ. ನಂಬಿದ ಹಾಗೆ ಕಾಣಲಿಲ್ಲ.

ಇಪ್ಪತ್ತೆರಡು ವರ್ಷದಲ್ಲಿ ನನಗೆ ಹೋಗು ಅಂದವರಲ್ಲ ಅವರು. ಜಗಳ ಆದರೆ ತಾವೇ ಎದ್ದು ಹೊರಗೆ ಹೋಗಿ ಗಾಡಿ ತೊಳೆಯುತ್ತಿದ್ದರು. ಈಗ ದಿನಾ ನನಗೆ, ಹೊರಡಿಲ್ಲಿಯಿಂದ. ಅಷ್ಟು ದೊಡ್ಡ ನಾಟಕ ಬರೆದವನು ಆ ದೊರೆಯ ಬಾಯಿಗೆ ಒಂದಾದರೂ ಒಳ್ಳೆಯ ಮಾತು ಇಟ್ಟಿರಲಿಲ್ಲವೇ?

ಅಮ್ಮ

———

ಜನವರಿ ೨೭

ಅಮ್ಮಾ,

ಬರೆದವನು ಇಟ್ಟಿರಲಿಲ್ಲ. ಅಪ್ಪ ಇಟ್ಟಿದ್ದರು.

ನೀನು ಮಿಷನ್ನಿನ ಸದ್ದಿನಲ್ಲಿ ಕೇಳಿಸಿಕೊಂಡೆಯೋ ಇಲ್ಲವೋ. ಅಕ್ಟೋಬರಿನಲ್ಲಿ ಪ್ರತಿ ಸಲ ನಾನು ಮಂಡಿಯೂರಿ ಬೇಡಿದಾಗ ಅವರ ಬಾಯಿಗೆ ಮೊದಲು ಬರುತ್ತಿದ್ದದ್ದು "ಏಳಮ್ಮ, ಅಳಬೇಡ. ಮಗನ ಕರೆತರುತೀನಿ" ಅಂತ. ತಮಾಷೆಗೆ ಶುರುವಾದದ್ದು, ಆಮೇಲೆ ತಮಾಷೆಯಾಗಿ ಉಳಿಯಲಿಲ್ಲ. ನಿಜವಾಗಿ ಅವರಿಗೆ ಇನ್ನೊಂದನ್ನು ಹೇಳಲು ಆಗುತ್ತಿರಲಿಲ್ಲ. ನಾನು ರೇಗಿದೆ. ನನ್ನ ಪರೀಕ್ಷೆ, ನನ್ನ ವರ್ಷ, ನಿನಗೆ ಆಟ ಅಂತೆಲ್ಲ ಅಂದೆ. ಆರನೇ ದಿನ ಮೂವತ್ತೊಂಬತ್ತು ಸಲ ಸರಿಯಾಗಿ ಹೇಳಿ ನಲವತ್ತನೆಯದಕ್ಕೆ ನನ್ನ ಮುಖ ನೋಡಿ ತಮ್ಮ ಸಾಲನ್ನೇ ಹೇಳಿ ನಕ್ಕರು. ನಾನು ನಗಲಿಲ್ಲ. "ಒಂದರಿಂದ" ಅಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು ಒಂದರಿಂದ ಶುರುಮಾಡಿದರು. ಆಮೇಲೆ ತಪ್ಪಲೇ ಇಲ್ಲ.

ಅಮ್ಮ, ನಾನು ಸುಮ್ಮನಿದ್ದಿದ್ದರೆ ಇವತ್ತು ನಿನಗೆ ಆ ಮಾತು ಸಿಗುತ್ತಿತ್ತು. ದಿನಾ ಬೆಳಿಗ್ಗೆ "ಏಳಮ್ಮ, ಅಳಬೇಡ" ಅನ್ನುತ್ತಿದ್ದರು. ಇದನ್ನು ಯೋಚಿಸಿದರೆ ನನಗೆ ಅನ್ನ ಇಳಿಯುವುದಿಲ್ಲ.

ಆದರೆ ಅದೂ ಎಷ್ಟೋ ಸಲ ಹೇಳಿದ ಮಾತೇ ಅಲ್ಲವೇ? ಅವರೇ ಕಟ್ಟಿದ್ದು, ಜುಲೈಯಿಂದ ಬಾಯಲ್ಲಿದ್ದದ್ದು. ಅಡಿಯಲ್ಲಿ ಎಲ್ಲೋ ಇರಬೇಕು. ಡಾಕ್ಟರನ್ನು ಕೇಳಿದೆ. "ಪ್ರಯತ್ನ ಮಾಡಿ, ನಾನು ಬೇಡ ಅನ್ನಲ್ಲ" ಅಂದರು. ನೀನು ಬೇಡುವ ಸಾಲು ಹೇಳಿ ತಕ್ಷಣ "ಏಳಮ್ಮ" ಅಂತ ಮೊದಲ ಪದವನ್ನು ನೀನೇ ಎತ್ತಿಕೊಡು. ಅವಸರ ಮಾಡಬೇಡ. ಕೈ ಹಿಡಿದುಕೊಂಡಿರು, ಹೊಡೆದುಕೊಳ್ಳದ ಹಾಗೆ.

ನಿನ್ನ ಮಗಳು

———

ಫೆಬ್ರವರಿ ೯
ಮನೆ

ಮಗಳೇ,

ಎಂಟು ದಿನ ಮಾಡಿದೆ. ದಿನಕ್ಕೆ ಮೂರು ಸಲ, ಹೆಚ್ಚು ಮಾಡಿದರೆ ಸುಸ್ತಾಗುತ್ತಾರೆ.

ಮೊದಲ ದಿನ "ಏಳಮ್ಮ" ಅಂದ ಕೂಡಲೇ ಅವರ ಕಣ್ಣು ಅರಳಿತು. ಗುರುತು ಸಿಕ್ಕಿದೆ ಅಂತ ಕುರ್ಚಿಯ ಹತ್ತಿರಕ್ಕೆ ಸರಿದೆ. ತಮ್ಮದೇ ಮಾತು ಅಂತ ಅವರಿಗೂ ತಿಳಿಯಿತು, ನನಗೆ ಅನುಮಾನವಿಲ್ಲ. ಎರಡು ಸಲ ತಲೆ ಆಡಿಸಿದರು. ತುಟಿ ಕೂಡಿಸಿದರು, ಬಿಟ್ಟರು, ಮತ್ತೆ ಕೂಡಿಸಿದರು. ನಾನು ಅವರ ಕೈ ಬಿಡದೆ ಕಾದೆ. ಆಮೇಲೆ ಬಂತು, "ಎಳೆದೊಯ್ಯಿರಿವಳನ್ನು. ಮಗನಿಲ್ಲ ನಿನಗಿನ್ನು." ಒಂದು ಅಕ್ಷರ ತಡವರಿಸಲಿಲ್ಲ. ಎಂಟೂ ದಿನ ಹಾಗೇ. ನೀನು ಚೆನ್ನಾಗಿ ಕಲಿಸಿದ್ದೀಯ.

ಇದನ್ನು ಚುಚ್ಚಲು ಬರೆದದ್ದಲ್ಲ. ನಿನ್ನ ತಪ್ಪಿಲ್ಲ ಅಂತ ಬರೆಯಬೇಕು ಅಂತಲೇ ಕೂತೆ. ಬರೆದೆ, ಹೊಡೆದುಹಾಕಿದೆ, ಮತ್ತೆ ಬರೆದೆ. ನಿನಗೆ ಏನು ಗೊತ್ತಿತ್ತು? ಅವರಿಗೆ ಏನು ಗೊತ್ತಿತ್ತು? ಅಷ್ಟು ನನಗೆ ತಿಳಿಯುತ್ತದೆ. ಆದರೂ ಎರಡು ದಿನ ನಿನ್ನ ಮೇಲೆ ಸಿಟ್ಟಿತ್ತು, ಮುಚ್ಚಿಡುವುದಿಲ್ಲ. ಮೂರನೇ ದಿನ ಬಟ್ಟೆ ಒಣಗಹಾಕುವಾಗ ಹೋಯಿತು.

ಬರುತ್ತೇನೆ ಅಂತ ಫೋನಿನಲ್ಲಿ ಅತ್ತೆಯಲ್ಲ, ಬೇಡ. ಬಂದು ಮಾಡುವುದೇನೂ ಇಲ್ಲ. ಪರೀಕ್ಷೆ ಮುಗಿಸು. ನಾನು ಇನ್ನು ಆ ಹಾಳೆ ಮುಟ್ಟುವುದಿಲ್ಲ, ಕಪಾಟಿನ ಮೇಲೆ ಎತ್ತಿಟ್ಟಿದ್ದೇನೆ. ಅವರು ತಮ್ಮ ಬಾಯಿಗೆ ಹೊಡೆದುಕೊಳ್ಳುವುದನ್ನು ನೋಡುವುದಕ್ಕಿಂತ ಮಾತಿಲ್ಲದೆ ಇರುವುದೇ ಮೇಲು.

ಅಮ್ಮ

———

ಮಾರ್ಚ್ ೧೨
ಹಾಸ್ಟೆಲು

ಅಮ್ಮಾ,

ಪರೀಕ್ಷೆ ಆಯಿತು. ದೊರೆಯಾಗಿ ನಿಂತದ್ದು ನಮ್ಮ ತರಗತಿಯ ಉದ್ದನೆಯವನು, ಹೋದ ವರ್ಷ ಮನೆಗೆ ಬಂದಿದ್ದನಲ್ಲ, ನೀನು ಒಂಟೆ ಅಂದಿದ್ದೆಯಲ್ಲ, ಅವನು. ಈ ಸಲ ನಾನು ನಿಜವಾಗಿ ಬೇಡುತ್ತೇನೆ ಅಂತ ಎಲ್ಲರೂ ಅಂದುಕೊಂಡಿದ್ದರು, ನಾನೂ ಅಂದುಕೊಂಡಿದ್ದೆ. ಮನೆಯಲ್ಲಿ ಇಷ್ಟೆಲ್ಲ ಆಗಿದೆ, ಅಳು ತಾನಾಗಿ ಬರುತ್ತದೆ ಅಂತ. ಏನೂ ಬರಲಿಲ್ಲ. ಮಂಡಿಯೂರಿದೆ, ನಾಲ್ಕು ಕುಟ್ಟಿಗೆ ಒಂದು ಸಾಲು, ಸರಿಯಾದ ಕಡೆ ಉಸಿರು, ಸರಿಯಾದ ಕಡೆ ತಲೆ ತಗ್ಗಿಸಿದೆ. ಒಂಟೆ ಕೊನೆಯ ಸಾಲು ಹೇಳುವಾಗ ನಾನು ಅವನ ಕೈಯನ್ನೇ ನೋಡುತ್ತಿದ್ದೆ, ಬಾಯಿಗೆ ಹೊಡೆದುಕೊಳ್ಳುತ್ತಾನೇನೋ ಅಂತ. ಅವನು ಅದನ್ನು ಸೊಂಟದ ಮೇಲೆ ಇಟ್ಟುಕೊಂಡು ನಿಂತಿದ್ದ.

ಪಾಸಾಗಿದ್ದೇನೆ. ಮೇಡಂ ಹತ್ತಿರ ಕರೆದು, "ಉಸಿರು ಸರಿಯಿತ್ತು" ಅಂದರು. ಅಷ್ಟೇ ಅಂದರು. ಅವರಿಗೆ ಎಲ್ಲ ಗೊತ್ತು, ಡಿಸೆಂಬರಿನಲ್ಲೇ ಹೇಳಿದ್ದೆ. ನಲವತ್ತರ ಕಟ್ಟಳೆಯನ್ನು ಅವರು ಈಗಲೂ ಒಂದನೇ ವರ್ಷದವರಿಗೆ ಹೇಳಿಕೊಡುತ್ತಿದ್ದಾರೆ. ಹೊರಗೆ ನಿಂತು ಕೇಳಿದೆ, ಸಿಟ್ಟು ಮಾಡೋಣ ಅಂದುಕೊಂಡೆ, ಯಾರ ಮೇಲೆ ಅಂತ ಗೊತ್ತಾಗಲಿಲ್ಲ.

ಇಪ್ಪತ್ತೆಂಟಕ್ಕೆ ಹೊರಡುತ್ತೇನೆ. ಆ ಹಾಳೆಯನ್ನು ಸುಟ್ಟುಬಿಡು ಅಮ್ಮ. ನಾನು ಬಂದಾಗ ಅದು ಮನೆಯಲ್ಲಿ ಇರುವುದು ಬೇಡ.

ನಿನ್ನ ಮಗಳು

———

ಮಾರ್ಚ್ ೨೧
ಮನೆ

ಮಗಳೇ,

ಪಾಸಾದದ್ದನ್ನು ನಿಮ್ಮಪ್ಪನಿಗೆ ಹೇಳಿದೆ. ಒಂದೇ ಕಡೆಯ ನಗು ಬಂತು. ಬಹಳ ಹೊತ್ತು ಇತ್ತು.

ಹಾಳೆ ಸುಡುವುದಕ್ಕೆ ಆಗುವುದಿಲ್ಲ. ಯಾಕೆ ಅಂತ ಹೇಳುತ್ತೇನೆ, ಬಂದು ನೋಡಿ ಗಾಬರಿಯಾಗುವುದು ಬೇಡ.

ಎತ್ತಿಟ್ಟ ಮೇಲೆ ಎರಡು ವಾರ ಮನೆಯಲ್ಲಿ ದನಿಯೇ ಇರಲಿಲ್ಲ. ನಾನು ಒಬ್ಬಳೇ ಮಾತಾಡುತ್ತಿದ್ದೆ, ಆಮೇಲೆ ನನಗೂ ಸಾಕಾಯಿತು. ಹೊಲಿಗೆ ಮಿಷನ್ನೊಂದೇ ಸದ್ದು ಮಾಡುತ್ತಿತ್ತು. ಒಂದು ಬೆಳಿಗ್ಗೆ ನಾನು ನೀರು ತರಲು ಹೋಗಿ ಬರುವಷ್ಟರಲ್ಲಿ ಅವರು ಗೋಡೆ ಹಿಡಿದು ಕಪಾಟಿನವರೆಗೆ ಹೋಗಿದ್ದಾರೆ. ಬಿದ್ದಿದ್ದರೆ ಏನು ಗತಿ? ಎಡಗೈಯಲ್ಲಿ ಹಾಳೆ ತಡಕಿ ತೆಗೆದಿದ್ದಾರೆ. ಕುರ್ಚಿಗೆ ಕರೆತಂದು ಪಕ್ಕದಲ್ಲಿ ಕೂತರೆ ಅದನ್ನು ನನ್ನ ಮಡಿಲಲ್ಲಿ ಇಟ್ಟರು. ನಾನು ಬೇಡ ಅಂದೆ. "ಯಾಕೆ ಬೇಕು ನಿಮಗೆ ಇದು? ಹೇಳ್ತೀರ, ಆಮೇಲೆ ಹೊಡ್ಕೋತೀರ" ಅಂದೆ. ಮತ್ತೆ ಹಾಳೆಯನ್ನು ನನ್ನ ಕಡೆಗೆ ತಳ್ಳಿದರು. ತಳ್ಳುತ್ತಲೇ ಇದ್ದರು. ಅವರಿಗೆ ಮಾತಾಡಬೇಕು ಮಗಳೇ. ಏನಾದರೂ ಸರಿ, ಬಾಯಿಂದ ಮಾತು ಹೊರಡಬೇಕು. ಇರುವುದು ಅಷ್ಟೇ.

ಹಾಗಾಗಿ ಮತ್ತೆ ಶುರುಮಾಡಿದ್ದೇವೆ. ಮೊದಲು ಒಲೆಯ ಹತ್ತಿರ ನಿಂತುಕೊಂಡೇ ಹೇಳುತ್ತಿದ್ದೆ. ನಡುವೆ ಬಿಟ್ಟದ್ದಕ್ಕೋ ಏನೋ, ಈಗ ನಾನು ನಿಂತು ಹೇಳಿದರೆ ಅವರಿಗೆ ನಾಲ್ಕನೆಯ ಸಾಲಿಗೇ ಮಾತು ತಡೆಯುತ್ತದೆ. ನೀನು ಮಂಡಿಯೂರಿ ಕಲಿಸಿದ್ದೆಯಲ್ಲ, ಹಾಗೇ ಕೂತುಬಿಟ್ಟಿದೆ. ಅದಕ್ಕೆ ಈಗ ಬೆಳಿಗ್ಗೆ ಚಹಾ ಆದ ಮೇಲೆ ಹಳೆಯ ದಿಂಬೊಂದನ್ನು ನೆಲಕ್ಕೆ ಹಾಕಿಕೊಂಡು ಅವರ ಕುರ್ಚಿಯ ಮುಂದೆ ಮಂಡಿಯೂರುತ್ತೇನೆ. ಹಾಳೆ ನೋಡುವುದು ಬೇಕಾಗಿಲ್ಲ, ನನಗೂ ಬಾಯಿಪಾಠವಾಗಿದೆ. ದಿನಾ ಅವರ ಹತ್ತಿರ ನನಗಿಲ್ಲದ ಮಗನ ಪ್ರಾಣ ಬೇಡುತ್ತೇನೆ. ದಿನಾ ಅವರು ಇಲ್ಲ ಅನ್ನುತ್ತಾರೆ. ಅಷ್ಟು ಹೊತ್ತು ನಿಮ್ಮಪ್ಪನ ದನಿ ಮನೆಯಲ್ಲಿರುತ್ತದೆ. ನಾನು ಕಣ್ಣು ಮುಚ್ಚಿಕೊಂಡು, ಮಾತಿನ ಕಡೆ ಗಮನ ಕೊಡದೆ, ದನಿಯನ್ನಷ್ಟೇ ಕೇಳುತ್ತೇನೆ.

ಹೊಡೆದುಕೊಳ್ಳುವುದು ಈಗ ನಿಂತಿದೆ. ಕೊನೆಯ ಸಾಲು ಮುಗಿದ ಕೂಡಲೇ ಆ ಕೈಯನ್ನು ನನ್ನ ಕಡೆಗೆ ಚಾಚುತ್ತಾರೆ, ಏಳಿಸುವುದಕ್ಕೆ. ಕುರ್ಚಿಯಲ್ಲಿ ಕೂತು ಒಂದು ಕೈಯಲ್ಲಿ ನನ್ನಂಥ ದಪ್ಪ ಹೆಂಗಸನ್ನು ಎತ್ತುವುದು ಅವರಿಂದ ಆಗುವ ಕೆಲಸವೇ? ಎಳೆಯುತ್ತಾರೆ, ಮುಖವೆಲ್ಲ ಕೆಂಪಾಗುತ್ತದೆ, ನಾನು ಒಂದು ಚೂರೂ ಮೇಲೇಳುವುದಿಲ್ಲ. ಬಿಡಿ ಅಂದರೆ ಬಿಡುವುದಿಲ್ಲ. ಅವರಿಗೆ ಸುಸ್ತಾಗುವವರೆಗೆ ಕೈ ಕೊಟ್ಟುಕೊಂಡು ಹಾಗೇ ಕೂತಿರುತ್ತೇನೆ. ಆಮೇಲೆ ಮೇಜಿನ ಕಾಲು ಹಿಡಿದು ನಾನೇ ಏಳುತ್ತೇನೆ.

ಅಮ್ಮ